ಆಡಲ್ಲ ಅನ್ನು

ಕರ್ಪೂರದ ಉರಿ ಕಾಣುವುದೇ ಇಲ್ಲ, ಮಧ್ಯಾಹ್ನದ ಬಿಸಿಲಿಗೆ ಬಣ್ಣ ಕಳೆದುಕೊಂಡಿದೆ, ಮೇಲೇಳುವ ಕರಿ ಹೊಗೆಯ ಎಳೆ ಮಾತ್ರ ಕಾಣುತ್ತದೆ, ಎಳೆ ಇದ್ದ ಮೇಲೆ ಬುಡದಲ್ಲಿ ಉರಿಯೂ ಇರಬೇಕಲ್ಲ ಎಂದು ಕೋಮಲ ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಇದೆ, ಹೆಬ್ಬೆಟ್ಟಿನ ಉಗುರಿನಷ್ಟು, ಗಾಳಿಗೆ ಒಂದು ಕಡೆ ವಾಲುತ್ತದೆ, ಮತ್ತೆ ನೆಟ್ಟಗೆ ನಿಲ್ಲುತ್ತದೆ — ಒಡಿಯವ್ವಾ, ಅಂಗೈಲಿ ಒಡ್ದು ಆರುಸ್ಬುಟ್ಟು ಮಾದಪ್ಪನಾಣೆ ಇನ್ಮ್ಯಾಲೆ ಆಡಲ್ಲ ಅನ್ನು, ಅನ್ನುತ್ತಿದ್ದಾನೆ ಪೂಜಾರಿ, ಅವನಿಗಿದು ವಾರವಾರದ ಕೆಲಸ, ಬಾಯಿ ತನ್ನ ಪಾಡಿಗೆ ಕುಡಿಯಲ್ಲ ಅನ್ನು ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, ಆಡಲ್ಲ ಅನ್ನು ಎಂದು ತಿದ್ದಿಕೊಂಡಿತು, ಅವಳಿಗೆ ನಗು ಬಂತು, ಇಂಥ ಹೊತ್ತಿನಲ್ಲೂ ನಗು ಬರುತ್ತದಲ್ಲ ಎಂದು ಇನ್ನಷ್ಟು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಳ್ತಾವಳೆ ಬುಡಿ ಅಂತ ಯಾರೋ ಹಿಂದಿನಿಂದ ಅಂದರು. ಹನೂರಿನ ದಾರಿಯ ಈ ಪುಟ್ಟ ಗುಡಿಗೆ ಸುತ್ತಲಿನವರೆಲ್ಲ ಕುಡುಕರನ್ನು ಎಳೆದುಕೊಂಡು ಬರುತ್ತಾರೆ, ಮುಂದೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಕರ್ಪೂರ, ಕುಡುಕ ಅದನ್ನು ಅಂಗೈಯಿಂದ ಬಡಿದು ಆರಿಸಿ ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಬೇಕು, ಎಷ್ಟೋ ಅಂಗೈಗಳ ಮಸಿ ಮೆತ್ತಿ ಕಲ್ಲು ದೋಸೆ ಕಾವಲಿಯ ಹಾಗೆ ಮಿರುಗುತ್ತಿದೆ. ಹೆಂಗಸರು ಇಲ್ಲಿಗೆ ಬರುವುದು ಗಂಡನ ತೋಳು ಹಿಡಿದುಕೊಂಡು, ಮೂಗು ಒರೆಸಿಕೊಳ್ಳುತ್ತಾ ಕಲ್ಲಿನ ಆಚೆ ಬದಿಗೆ ನಿಲ್ಲುವುದಕ್ಕೆ. ಈಚೆ ಬದಿಗೆ ನಿಂತ ಮೊದಲ ಹೆಂಗಸು ತಾನೇ ಇರಬೇಕು, ಅದೂ ಫೋನಿನಲ್ಲಿ ಆಟ ಆಡಿದ್ದಕ್ಕೆ.

ಆಚೆ ಬದಿಗೆ ಈಗ ಅತ್ತೆ ದೊಡ್ಡಮಾದಮ್ಮ, ಅತ್ತೆಯ ಹಿರೀಮಗ ಗುರುಸಿದ್ದಯ್ಯ ಬಾವ, ಸ್ವಲ್ಪ ಹಿಂದಕ್ಕೆ ತನ್ನ ಗಂಡ ಶಾಂತರಾಜು, ಬಿಳಿಗಿರಿರಂಗನ ಬೆಟ್ಟದಲ್ಲಿ ಫಾರೆಸ್ಟ್ ವಾಚರ್, ಆನೆ ಎದುರಿಗೆ ಬಂದರೂ ನಿಲ್ಲುತ್ತಾನೆ ಎಂದು ಹೆಸರು, ಅವ್ವನ ಎದುರಿಗೆ ಮಾತ್ರ ಹಿಂದೆ ಹಿಂದೆ ಸರಿಯುತ್ತಾನೆ. ಬೆಳಗ್ಗೆ ಅಗರದಿಂದ ಹೊರಟು ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಬಂದದ್ದು, ಬಸ್ಸಿನ ತುಂಬಾ ಅತ್ತೆ ಅಕ್ಕಪಕ್ಕದ ಸೀಟಿನವರಿಗೆ ಮಾದಪ್ಪಂಗೆ ಒಂದು ಅರಕೆ ಇತ್ತು ಕನವ್ವಾ ಅಂದಳೇ ಹೊರತು ಯಾತರ ಹರಕೆ ಅನ್ನಲಿಲ್ಲ, ಹೇಳಿದ್ದರೆ ಚೆನ್ನಾಗಿತ್ತು, ನನ್ ಸೊಸೆ ಪೋನಲ್ಲಿ ಬಂದೂಕ ಒಡಿತಾಳೆ ಅಂತ, ಕಂಡಕ್ಟರೂ ಟಿಕೆಟ್ ಹರಿಯುವುದನ್ನು ಬಿಟ್ಟು ಕೇಳುತ್ತಿದ್ದ. ಬಾವನ ಶರಟಿನ ಜೇಬಿನಿಂದ ತನ್ನ ಫೋನಿನ ನೀಲಿ ಕವರಿನ ಮೂಲೆ ಇಣುಕುತ್ತಿದೆ. ಇವತ್ತು ಗತ್ತಿನಿಂದ ಎದೆ ಉಬ್ಬಿಸಿ ನಿಂತಿರುವ ಇದೇ ಬಾವನನ್ನು ಹೋದ ವರ್ಷ ಇದೇ ಕಲ್ಲಿನ ಮುಂದೆ ನಿಲ್ಲಿಸಿದ್ದರಲ್ಲ, ಆಗ ಆಚೆ ಬದಿಯಲ್ಲಿ ವಾರಗಿತ್ತಿಯ ಕೈ ಹಿಡಿದುಕೊಂಡು ಕೋಮಲ ನಿಂತಿದ್ದಳು, ಎಷ್ಟು ಜೋರಾಗಿ ಬಡಿದ ಎಂದರೆ ಉರಿಯುವ ಕರ್ಪೂರ ಹಾರಿ ಪೂಜಾರಿಯ ಪಂಚೆಯ ಅಂಚು ಹತ್ತಿಕೊಂಡಿತು, ಎಲ್ಲರೂ ಸಿವಸಿವಾ ಮನಸ್ಸಿಟ್ಟು ಮಾಡ್ದ ನೋಡಿ ಅಂದರು, ಅಂಗೈಯ ಬೊಬ್ಬೆ ಒಣಗುವ ಮೊದಲೇ ಬಾವ ಮೋರಿ ಪಕ್ಕ ಮಲಗಿದ್ದ. ಯಾರೂ ಏನೂ ಅನ್ನಲಿಲ್ಲ, ಗಂಡಸು, ಏನೋ ಬೇಜಾರಿಗೆ ಒಂದಿಷ್ಟು ತಕತಾನೆ. ಬೇಜಾರು ಗಂಡಸರಿಗೆ ಮಾತ್ರ ಬರುವ ಕಾಯಿಲೆ ಇರಬೇಕು, ಹೆಂಗಸರಿಗೆ ಚಿಕ್ಕಂದಿನಲ್ಲೇ ಚುಚ್ಚುಮದ್ದು ಹಾಕಿಸಿಬಿಟ್ಟಿರುತ್ತಾರೇನೋ. ಬಾವ ಕ್ರಿಕೆಟ್ ನೋಡುತ್ತಾ ಫೋನಿಗೆ ಬೈಯುತ್ತಾನೆ, ಗಂಡ ಸೈಕಲ್ಲಿನಿಂದ ಬೀಳುವವರ ವಿಡಿಯೋ ನೋಡಿನೋಡಿ ಹೊಟ್ಟೆ ಹಿಡಿದು ನಗುತ್ತಾನೆ, ಅತ್ತೆ ಧಾರಾವಾಹಿಯ ಸೊಸೆಗೆ ಶಾಪ ಹಾಕುತ್ತಾಳೆ, ಇವರಿಗೆಲ್ಲ ಒಂದು ಚೂರು ಕರ್ಪೂರವೂ ಬೇಡ.

ಬೇಗ್ನೆ ಒಡಿಯೇ ಕೂಸೆ, ಆರೋಯ್ತದೆ, ಅತ್ತೆಯ ದನಿ. ಈ ದನಿಯೇ ಅಲ್ಲವೇ ಅವತ್ತು ಗೋಡೆಯ ಆ ಕಡೆಯಿಂದ ಕೇಳಿಸಿಕೊಂಡದ್ದು, ಅಲ್ಲ, ದನಿ ಕೇಳಿಸಿಕೊಳ್ಳುತ್ತದೆಯೇ, ಕಿವಿ — ಅವತ್ತು ರೇಷ್ಮೆಗೂಡಿನ ನೂಲು ಬಿಚ್ಚುವ ಮನೆಯಿಂದ ಕೆಲಸ ಮುಗಿಸಿ ಬಂದವಳು ಉಂಡು ತಟ್ಟೆ ತೊಳೆದು ಹಿತ್ತಲಿನ ನುಗ್ಗೆಮರದ ಕೆಳಗೆ ಕೂತಿದ್ದಳು, ಕಿವಿಗೆ ವಯರು, ಕೈಯಲ್ಲಿ ಫೋನು, ಆಟ ಕೊನೆಗೆ ಬಂದಿತ್ತು, ಕಾಲಿಗೆ ಗುಂಡು ತಗುಲಿ ಒಂದು ಮನೆಗೆ ನುಗ್ಗಿ ಮೇಲಕ್ಕೆ ಹತ್ತಿದ್ದಳು, ಜೊತೆಯವರು ಬಂದು ಪಟ್ಟಿ ಕಟ್ಟದಿದ್ದರೆ ಪ್ರಾಣ ಹೋಗುತ್ತದೆ, ಆಟದ ಪ್ರಾಣವಾದರೂ ಪ್ರಾಣವೇ, ಮೈಮರೆತು ಕೂಗಿದಳು, ಮನೇಲಿ ಯಾರೂ ಇಲ್ಲ ಕನಾ, ಇಂದ್ಗಡೆ ಬಾಗ್ಲು ತೆಗ್ದದೆ, ಸದ್ದು ಮಾಡ್ದೆ ಬಾ, ಬಿರ್‍ರನೆ ಬಾ, ನಾನು ಮಾಡಿ ಮ್ಯಾಲೆ ಮನಗಿವ್ನಿ! ಗೋಡೆಯಾಚೆ ಒರಳಲ್ಲಿ ಕಾರ ರುಬ್ಬುತ್ತಿದ್ದ ಅತ್ತೆ ಅಷ್ಟನ್ನೂ ಕೇಳಿಸಿಕೊಂಡಳು. ಮಹಡಿ ಎಲ್ಲಿದೆ ಅಂತ ಯೋಚಿಸಲಿಲ್ಲ ಪುಣ್ಯಾತ್ಗಿತ್ತಿ, ಅವರದು ಹೆಂಚಿನ ಮನೆ, ಮೇಲೆ ಮಲಗಬೇಕಾದರೆ ಬೆಕ್ಕಾಗಿ ಹುಟ್ಟಬೇಕು, ಆದರೆ ಕೋಪ ಬಂದಾಗ ಮಹಡಿಯನ್ನು ಯಾರು ಹುಡುಕುತ್ತಾರೆ, ಕಾರದ ಕೈಯಲ್ಲೇ ಪೊರಕೆ ಹಿಡಿದು ಹಿಂದಿನ ಬಾಗಿಲ ಮರೆಯಲ್ಲಿ ನಿಂತಳು, ಬರಲಿ ಮಿಂಡ ಅಂತ. ಬಂದವನು ಗುರುಸಿದ್ದಯ್ಯ ಬಾವ, ಕುಡುಗೋಲು ಕೇಳುವುದಕ್ಕೆ. ಒಂದು ಏಟಲ್ಲ, ನಾಲ್ಕೈದು ಬಿದ್ದವು, ಕಣ್ಣಿಗೆ ಕಾರ ಬೇರೆ. ಅಯ್ಯೋ ನಾನು ಕನವ್ವೋ ಎಂದು ಬಾವ ಬಾಯಿ ಬಡಿದುಕೊಳ್ಳುತ್ತಿದ್ದರೆ ಇತ್ತ ಕೋಮಲಳ ಕಿವಿಯಲ್ಲಿ, ಬಂದೆ ಕನಕ್ಕಾ ಏಳು, ಅನ್ನುವ ದನಿ, ಪಟ್ಟಿ ಕಟ್ಟಿ ಎಬ್ಬಿಸಿದ್ದು, ಆ ಆಟ ಅವರು ಗೆದ್ದಿದ್ದರು. ಬೀದಿಯವರೆಲ್ಲ ಸೇರಿದರು, ಆಡಿಕೊಳ್ಳೋರ ಮುಂದೆ ಎಡವಿ ಬಿದ್ದ ಹಾಗಾಯಿತು. ಅದು ಆಟದೊಳಗಿನ ಮನೆ ಅತ್ತೆ, ಆಟದೊಳಗಿನ ಬಾಗಿಲು, ಎಂದು ತೋರಿಸಿದರೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ, ಮನೆ ಆಟುದ್ದೇ ಇರ್ಲಿ, ಬಾಗ್ಲೂ ಆಟುದ್ದೇ ಇರ್ಲಿ, ಬಾ ಅಂದದ್ದು ಯಾರ್ನ? ಅದಕ್ಕೆ ಉತ್ತರ ಇತ್ತು, ಕೋಮಲ ಹೇಳಲಿಲ್ಲ.

ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅದೊಂದು ಹೆಣ್ಣುಮಗಳು, ಪವಿತ್ರ ಅಂತ, ಲೊಕ್ಕನಹಳ್ಳಿಯವಳು, ಕಾಡಂಚಿನಲ್ಲಿ ಅಪ್ಪನ ದನ ಮೇಯಿಸುತ್ತಾಳೆ, ಮನೆಯಲ್ಲಿ ಟವರ್ ಸಿಗುವುದಿಲ್ಲ ಅಂತ ಬಂಡೆಯ ಮೇಲೆ ಹತ್ತಿ ಕೂತು ಆಡುತ್ತಾಳೆ, ಆಟದಲ್ಲಿ ಅವಳ ಹೆಸರು ಆನೆಮರಿ, ನನ್ನ ಹೆಸರು ಅಗರದಹುಲಿ. ಇಷ್ಟು ಅಂದಿದ್ದರೆ ಅತ್ತೆ, ಓ ಎಣ್ಮಗ್ಳಾ, ಅಂದು ಪೊರಕೆ ಮೂಲೆಗಿಟ್ಟು ಕಾರ ರುಬ್ಬುವುದಕ್ಕೆ ಹೋಗುತ್ತಿದ್ದಳು. ಆದರೆ ಅತ್ತೆಗೆ ಗೊತ್ತಾದದ್ದು ಅತ್ತೆಯಲ್ಲಿ ಉಳಿಯುವುದೇ, ಲೊಕ್ಕನಹಳ್ಳಿಯಲ್ಲಿ ಅತ್ತೆಯ ತಂಗಿಯ ಮನೆ ಇದೆ, ಮಾತು ಬಸ್ಸಿಗಿಂತ ಮೊದಲು ಅಲ್ಲಿ ಇಳಿಯುತ್ತದೆ, ದನ ಕಾಡಿಗೆ ಬಿಟ್ಟು ಬಂಡೆ ಮೇಲೆ ಕೂತು ಆಡ್ತಳಂತೆ ಅಂತ, ಅವಳಪ್ಪ ಫೋನು ಕಿತ್ತುಕೊಂಡು ಬಂದ ಮೊದಲ ಗಂಡಿಗೆ ಕಟ್ಟುತ್ತಾನೆ. ಅದು ಒಂದು. ಇನ್ನೊಂದು, ಅದೇ ದೊಡ್ಡದು, ಅದನ್ನು ಯಾರಿಗೂ ಹೇಳುವ ಹಾಗಿಲ್ಲ — ಯಾಕೆ ಹೇಳಬೇಕು? ಹೆಣ್ಣು ಅಂದರೆ ಸರಿ, ಗಂಡು ಅಂದರೆ ತಪ್ಪು ಅಂತ ಇವರು ತಕ್ಕಡಿ ಹಿಡಿದು ಕೂತಿರುವಾಗ ಕೈಮುಗಿದು ಹೆಣ್ಣು ಕಣ್ರಿ ಅಂದರೆ ತಕ್ಕಡಿಯನ್ನು ಒಪ್ಪಿಕೊಂಡ ಹಾಗಲ್ಲವೇ. ಪವಿತ್ರಳ ಮುಖ ಕೋಮಲ ಇನ್ನೂ ನೋಡಿಲ್ಲ. ಲಕ್ಷಾಂತರ ಜನ ಆಡುವ ಆಟ, ಯಾರು ಯಾರಿಗೆ ಜೊತೆಯಾಗುತ್ತಾರೋ ಆಟವೇ ತೀರ್ಮಾನಿಸುತ್ತದೆ, ಒಂದು ದಿನ ಕಿವಿಯಲ್ಲಿ ಯಾರೋ ತಮಗೆ ತಾವೇ, ಯಾನಪ್ಪಾ ಇದು ಇಂಗ್ ಬತ್ತಾವ್ರೆ, ಅಂದರು, ಹಿಂದಿ ಇಂಗ್ಲಿಷುಗಳ ಗದ್ದಲದ ನಡುವೆ ಯಾನಪ್ಪಾ! ಏನು ಅನ್ನುವುದಕ್ಕೆ ತನ್ನ ಹನೂರು ಸೀಮೆಯ ಯಾನ! ತವರು ಅಜ್ಜೀಪುರದಲ್ಲಿ ಅವ್ವ ಅನ್ನುತ್ತಿದ್ದ ಹಾಗೆಯೇ, ಮೈಯೆಲ್ಲ ಜುಮ್ಮೆಂದಿತು, ಯಾವೂರವ್ವಾ ನಿಂದು ಎಂದು ಕೇಳುವಷ್ಟರಲ್ಲಿ ಇಬ್ಬರೂ ಸತ್ತರು, ಸತ್ತ ಮೇಲೆ ನಿಧಾನಕ್ಕೆ ಮಾತಾಡಿದರು.

ಮೊದಲ ಕರ್ಪೂರ ಆರಿತು, ತಾನಾಗಿಯೇ, ಕಲ್ಲಿನ ಮೇಲೆ ಒಂದು ಕರಿ ಚುಕ್ಕಿ. ಪೂಜಾರಿ ಬಾವನ ಮುಖ ನೋಡಿದ, ಬಾವ ಅತ್ತೆಯ ಮುಖ ನೋಡಿದ, ಇನ್ನೊಂದ ಇಡಿ ಸ್ವಾಮಿ ದಪ್ಪುಗೆ ಇಡಿ ಅಂದಳು ಅತ್ತೆ, ಪೂಜಾರಿ ಪೊಟ್ಟಣ ಬಿಚ್ಚಿ ಎರಡು ಬಿಲ್ಲೆ ಒಂದರ ಮೇಲೊಂದು ಇಟ್ಟು ಕಡ್ಡಿ ಗೀರಿದ, ಗಾಳಿಗೆ ಕಡ್ಡಿ ಆರಿತು, ಮತ್ತೆ ಗೀರಿದ. ಯಾನ ಅಂತ ಸುಕ ಅದೇ ಅದ್ರಲ್ಲಿ ಅಂತೀನಿ, ಬಾವ ಜೇಬಿನ ಮೇಲೆ ಕೈಯಿಟ್ಟುಕೊಂಡು ಸೇರಿದವರಿಗೆಲ್ಲ ಕೇಳುವ ಹಾಗೆ ಅಂದ, ಉತ್ತರಕ್ಕಾಗಿ ಕೇಳಿದ್ದಲ್ಲ, ಆದರೆ ಅವಳ ಮನಸ್ಸು ಉತ್ತರ ಕೊಡುವುದಕ್ಕೆ ಓಡಿತು — ವಿಮಾನದ ಬಾಗಿಲು ತೆರೆದಾಗ ಗಾಳಿ ಕಿವಿಗೆ ಹೊಡೆಯುವುದು, ಕೆಳಗೆ ದ್ವೀಪ, ಸುತ್ತ ಸಮುದ್ರ, ಸಮುದ್ರವನ್ನು ಅವಳು ನಿಜವಾಗಿ ನೋಡಿಲ್ಲ, ಇದೇ ನೋಡಿದ್ದು, ಮೈಯನ್ನು ಗಾಳಿಗೆ ಕೊಟ್ಟು ಬೀಳುವುದು, ಎಲ್ಲಿ ಇಳಿಯಬೇಕು ಎಂದು ತಾನೇ ಆರಿಸಿಕೊಳ್ಳುವುದು, ಹುಟ್ಟಿದಾಗಿನಿಂದ ಎಲ್ಲಿ ಇಳಿಯಬೇಕು ಎಂದು ಅವಳನ್ನು ಯಾರು ಕೇಳಿದ್ದರು. ಗದ್ದೆಯಂಥ ಬಯಲು, ಬಯಲಲ್ಲಿ ಹುಲ್ಲು, ಯಾವ ಪುಣ್ಯಾತ್ಮ ಎಲ್ಲಿ ಕೂತು ಬರೆದನೋ, ಒಂದೊಂದು ಎಸಳೂ ಬೇರೆ ಬೇರೆ, ತುಳಿದರೆ ಬಾಗುತ್ತದೆ, ಬಿಟ್ಟರೆ ಏಳುತ್ತದೆ, ಸಂಜೆಯಾದರೆ ಎಸಳಿನ ಒಂದು ಬದಿಗೆ ಮಾತ್ರ ಬಿಸಿಲು ಹತ್ತುತ್ತದೆ. ತಗಡಿನ ಮನೆಯೊಳಗೆ ಅಡಗಿ ಕೂತಾಗ ಮಳೆ ಬಂದರೆ ತಗಡಿನ ಮೇಲೆ ಬೀಳುವ ಸದ್ದೇ ಬೇರೆ, ಹೊರಗೆ ಮಣ್ಣಿನ ಮೇಲೆ ಬೀಳುವ ಸದ್ದೇ ಬೇರೆ, ಎಡಗಿವಿಯಲ್ಲಿ ಯಾರದೋ ಹೆಜ್ಜೆ, ಅದು ಮರದ ಮೆಟ್ಟಿಲಿನ ಮೇಲಿನ ಹೆಜ್ಜೆಯೋ ಸಿಮೆಂಟಿನದೋ ಎಂದು ಕಣ್ಣುಮುಚ್ಚಿ ಹೇಳಬಹುದು, ಉಸಿರು ಬಿಗಿ ಹಿಡಿದುಕೊಳ್ಳಬೇಕು, ಎದೆಯ ಡವಡವ ಆಟದ್ದೋ ತನ್ನದೋ ತಿಳಿಯುವುದಿಲ್ಲ, ಗುಂಡು ಹಾರಿದಾಗ ಫೋನು ಅಂಗೈಯೊಳಗೆ ಹಿಡಿದ ಹಕ್ಕಿಯ ಹಾಗೆ ಒದ್ದಾಡುತ್ತದೆ. ಇಷ್ಟು ಸುಖ. ಬಾವನಿಗೆ ಹೇಳಿದರೆ ತಿಳಿಯುವುದೇ, ಅವನಿಗೆ ಬಾಟಲಿಯೊಳಗೆ ಸಿಕ್ಕಿದ್ದು ನಿದ್ದೆ ಮಾತ್ರ, ಅವಳಿಗೆ ಸಿಕ್ಕಿದ್ದು ಎಚ್ಚರ. ಅದನ್ನೂ ಇದನ್ನೂ ಒಂದೇ ಕಲ್ಲಿನ ಮೇಲೆ ಬಡಿ ಅನ್ನುತ್ತಾರಲ್ಲ, ಎಂಥ ಮಂಕುತನ.

ಹೆಬ್ಬೆಟ್ಟು. ಕುದಿನೀರಲ್ಲಿ ಗೂಡು ಹಾಕಿ ಎಳೆ ಹುಡುಕಿ ಹುಡುಕಿ ಅವಳ ಬೆರಳ ತುದಿಗಳೆಲ್ಲ ಬೆಂದು ಸವೆದುಹೋಗಿವೆ, ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪುವುದೇ ಇಲ್ಲ, ಒತ್ತಮ್ಮಾ, ಇನ್ನೊಂದ್ಸಲ ಒತ್ತು, ಸೀರೆಗೆ ಒರಸ್ಕೊಂಡು ಒತ್ತು, ಕ್ಯೂನಲ್ಲಿ ನಿಂತವರೆಲ್ಲ ಲೊಚಗುಟ್ಟುತ್ತಾರೆ, ಮಿಷನ್ನು ಕೆಂಪು ದೀಪ ತೋರಿಸಿ ನೀನು ನೀನಲ್ಲ ಅನ್ನುತ್ತದೆ. ಆಟ ಹಾಗೆ ಅನ್ನಲಿಲ್ಲ. ಮಗಳು ಮೈಸೂರಿನ ಹಾಸ್ಟೆಲ್ಲಿಗೆ ಹೋಗುವಾಗ ಹಳೆಯ ಫೋನನ್ನು ಅಮ್ಮನಿಗೆ ಬಿಟ್ಟು ಹೋದಳು, ಅದರೊಳಗೆ ಆಟವೂ ಉಳಿದುಬಿಟ್ಟಿತ್ತು, ಯಾನ ಇದು ಎಂದು ಒತ್ತಿದಳು, ಒತ್ತಿದ್ದೇ ತಡ ಬೆಂದ ಹೆಬ್ಬೆಟ್ಟು ಎತ್ತ ಸರಿದರೆ ಅತ್ತ ಒಬ್ಬಳು ಓಡಿದಳು, ಬಗ್ಗು ಅಂದರೆ ಬಗ್ಗಿದಳು, ಹಾರು ಅಂದರೆ ಹಾರಿದಳು. ಶುರುವಿಗೆ ಗೋಡೆಗೆ ಮುಖ ಕೊಟ್ಟು ನಿಂತೇ ಸಾಯುತ್ತಿದ್ದಳು, ಪರವಾಗಿಲ್ಲ, ಸತ್ತರೆ ಇನ್ನೊಂದು ಆಟ, ಹಿಂದಿನ ಆಟದಲ್ಲಿ ನೀನು ಹೀಗೆ ಮಾಡಿದೆ ಎಂದು ಅಲ್ಲಿ ಯಾರೂ ಎತ್ತಿ ಆಡುವುದಿಲ್ಲ. ಮನೆಯಲ್ಲಿ ಮದುವೆಯಾದ ಹೊಸದರಲ್ಲಿ ಮುದ್ದೆ ಗಂಟಾಗಿತ್ತು, ಆ ಗಂಟನ್ನು ಅತ್ತೆ ಇವತ್ತಿಗೂ ಬಿಚ್ಚುತ್ತಿದ್ದಾಳೆ, ನೆಂಟರು ಬಂದರೆ ಮೊದಲು ಅದು, ಆಮೇಲೆ ಕಾಫಿ. ಮಗಳಿಗೂ ಸುದ್ದಿ ಹೋಗಿದೆ, ಅಮ್ಮಾ ಬುಟ್ಬುಡು, ಫ್ರೆಂಡ್ಸಿಗೆ ಗೊತ್ತಾದ್ರೆ ಮಾನ ಓಯ್ತದೆ, ಅಂದಳು ಫೋನಿನಲ್ಲಿ, ತನ್ನದೇ ಆಟ, ತಾನು ಆಡಿದರೆ ವಯಸ್ಸು, ಅಮ್ಮ ಆಡಿದರೆ ಮಾನ. ಅದು ನೋವಾಯಿತು, ಅತ್ತೆಯ ಪೊರಕೆಗಿಂತ ಹೆಚ್ಚು ನೋವಾಯಿತು, ಅತ್ತೆ ಹೊರಗಿನವಳು, ಮಗಳು ಹೊಟ್ಟೆಯವಳು.

ಆಡಲ್ಲ ಅನ್ನು ಸಾಕು ಕನವ್ವಾ, ಜಾಸ್ತಿ ಯಾನೂ ಬ್ಯಾಡ, ಎರಡಕ್ಷರ, ಪೂಜಾರಿಗೆ ಊಟದ ಹೊತ್ತು ಮೀರುತ್ತಿದೆ, ಅವನ ಮೇಲೆ ಅವಳಿಗೆ ಸಿಟ್ಟಿಲ್ಲ. ಆಡಲ್ಲ. ಎಲ್ಲಿ ಎರಡಕ್ಷರ, ಮೂರೂವರೆ ಆಯಿತು. ಆಡಲ್ಲ ಅಂದರೆ ಯಾವುದನ್ನು ಆಡಲ್ಲ ಅನ್ನಬೇಕು, ಮಾದಪ್ಪನ ಮುಂದೆ ಸುಮ್ಮನೆ ಅಂದುಬಿಟ್ಟರೆ ಅವನು ಎಲ್ಲಕ್ಕೂ ಸೇರಿಸಿ ಬರೆದುಕೊಂಡರೆ? ಮಗು ಆಡುತ್ತದೆ, ಗಾಳಿ ಆಡುತ್ತದೆ, ನಾಡಿ ಆಡುತ್ತದೆ, ನೂಲಿನ ಚರಕ ಆಡುತ್ತದೆ, ಬೀದಿಯವರು ಆಡಿಕೊಳ್ಳುತ್ತಾರೆ, ಮಾತಾಡು ಅನ್ನುತ್ತೇವೆ, ಓಡಾಡು ಅನ್ನುತ್ತೇವೆ, ನಗಾಡು, ಜಗಳಾಡು, ಈಜಾಡು, ತೂಗಾಡು, ಉಸಿರಾಡು — ಉಸಿರಾಡು! ಆಡು ಅನ್ನುವುದನ್ನು ಕಿತ್ತುಹಾಕಿದರೆ ಮಾತು ಮಾತಾಗಿಯೇ ಬಾಯೊಳಗೆ ಬಿದ್ದಿರುತ್ತದೆ, ನಗು ಬಿದ್ದಿರುತ್ತದೆ, ಉಸಿರೂ ಎಲ್ಲೋ ಬಿದ್ದಿರುತ್ತದೆ, ಆಡುವುದಿಲ್ಲ, ಹೆಣ. ಚಾಪೆ ಮೇಲೆ ಮಲಗಿಸಿ ಕಾಲ್ಬೆರಳು ಕಟ್ಟಿ ಹಣೆಗೆ ನಾಣ್ಯ ಅಂಟಿಸಿದ ಮೇಲೆ ಆಡಲ್ಲ ಎಂದು ಯಾರೂ ಹೇಳಿಸಬೇಕಾಗಿಲ್ಲ, ತಾನಾಗಿಯೇ ಆಡುವುದಿಲ್ಲ, ಅಲ್ಲಿಯವರೆಗೆ ತಡೆದುಕೊಳ್ಳುವುದಕ್ಕೆ ಏನು ಧಾಡಿ ಇವರಿಗೆ. ಅತ್ತೆಯೂ ಚೌಕಾಬಾರ ಆಡುತ್ತಿದ್ದಳಂತೆ ಹುಡುಗಿಯಾಗಿದ್ದಾಗ, ಕವಡೆ ಉರುಳಿಸುವುದರಲ್ಲಿ ಅವಳನ್ನು ಮೀರಿಸುವವರು ಅಗರ, ಪಕ್ಕದ ಮಾಂಬಳ್ಳಿ, ಎರಡೂ ಊರಲ್ಲಿ ಇರಲಿಲ್ಲವಂತೆ, ಮದುವೆಯಾದ ಮೇಲೆ ಅವಳ ಅತ್ತೆ ಕವಡೆಯನ್ನು ಬಾವಿಗೆ ಹಾಕಿದಳಂತೆ, ಇದನ್ನು ಒಂದು ಹಬ್ಬದ ದಿನ ಅತ್ತೆಯೇ ಹೇಳಿದ್ದು, ಒಬ್ಬಟ್ಟು ತಟ್ಟುತ್ತಾ ನಗುತ್ತಾ ಹೇಳಿದಳು, ಹೇಳಿ ಮುಗಿಸಿದ ಮೇಲೆ ಹೂರಣದ ಉಂಡೆಯೊಂದನ್ನು ಕವಡೆಯ ಹಾಗೆ ಅಂಗೈಯಲ್ಲಿ ಕುಲುಕಿದಳು. ಆ ಕವಡೆಯ ಅತ್ತೆ ಎಲ್ಲಿ ಹೋದಳು, ಇವಳ ಒಳಗೇ ಎಲ್ಲೋ ಇರಬೇಕು, ಇದ್ದರೆ ಒಮ್ಮೆ ಹೊರಗೆ ಬಾರವ್ವಾ, ಬಂದು ನಿನ್ನ ಹಿರೀಮಗನ ಜೇಬಿನಿಂದ ನನ್ನ ಫೋನು ತೆಗೆದುಕೊಡು. ಬರುವುದಿಲ್ಲ. ಆಣೆ ಮಾಡ್ದೆ ಓದ್ರೆ ಎದ್ರುಗಡೆ ಅಜ್ಜೀಪುರದ ಬಸ್ಸು ಬತ್ತದೆ, ಅತ್ಕಂಡು ಅತ್ಲಾಗೇ ನಿಮ್ಮವ್ವನ ಮನೆಗೆ ಓಗು, ನನ್ ಮನೆ ಒಸ್ಲು ತುಳಿಬ್ಯಾಡ, ಎಂದು ಬೆಳಗ್ಗೆಯೇ ಹೇಳಿದ್ದಾಳೆ, ಹೇಳಿದರೆ ಹೇಳಿದ ಹಾಗೆಯೇ ಮಾಡುವವಳು, ಅದು ಕೋಮಲಳಿಗೆ ಗೊತ್ತು. ತವರಿನಲ್ಲಿ ಅವ್ವ ಇಲ್ಲ, ಅತ್ತಿಗೆ ಇದ್ದಾಳೆ, ಎರಡು ದಿನ ಮುದ್ದೆ ಇಡುತ್ತಾಳೆ, ಮೂರನೆಯ ದಿನ ಯಾವಾಗ ಓಯ್ತೀಯೆ ಅನ್ನುತ್ತಾಳೆ. ಹೆದರಿಕೆ ಇಲ್ಲ ಎಂದರೆ ಸುಳ್ಳು, ಇರಲಿ, ಆಟದಲ್ಲೂ ಹೆದರಿಕೆ ಇರುತ್ತದೆ, ಹೆದರಿಕೆಯಲ್ಲೇ ಹೆಬ್ಬೆಟ್ಟು ಸರಿಯಾದ ಕಡೆಗೆ ಹೋಗುತ್ತದೆ.

ಕಡ್ಡಿ ಹತ್ತಿತು, ಎರಡು ಬಿಲ್ಲೆಯ ಉರಿ, ಈಗ ಬಿಸಿಲಿನಲ್ಲೂ ಕಾಣುತ್ತದೆ, ವಾಲುತ್ತದೆ, ನೆಟ್ಟಗಾಗುತ್ತದೆ. ಗಂಡ ಹತ್ತಿರ ಬಂದ, ಹಿಂದಿನಿಂದ ಸುತ್ತಿ ಬಂದು ಕಿವಿಯ ಹತ್ತಿರ ಬಗ್ಗಿ, ಕೋಮ್ಲಾ, ಸುಮ್ಕೆ ಒಂದ್ಸಲ ಒಡ್ದುಬುಡು, ಅವ್ವಂಗೆ ಸಮಾದಾನ ಆಯ್ತದೆ, ಆಮೇಕೆ ನೋಡ್ಕಳಮ, ನಾನೇ ಇನ್ನೊಂದು ಪೋನು ತಂದುಕೊಡ್ತೀನಿ, ಬೆಟ್ಟದ ಕ್ವಾರ್ಟರ್ಸ್‌ಗೆ ಬಂದಾಗ ಆಡ್ಕಳೀವೆ, ಯಾರ್‍ಗೂ ಗೊತ್ತಾಗಲ್ಲ, ಅಂದ. ಪಾಪ, ಒಳ್ಳೆಯವನು, ಅವನ ಉಸಿರಿನಲ್ಲಿ ಎಲೆಅಡಿಕೆಯ ವಾಸನೆ, ಇಷ್ಟು ದಿನ ಆದಮೇಲೆ ಇಷ್ಟು ಹತ್ತಿರ ಬಂದು ಮಾತಾಡುತ್ತಿದ್ದಾನೆ, ಅದಕ್ಕೇ ಕಣ್ಣು ತುಂಬಿತು. ಎಷ್ಟು ಸುಲಭ. ಒಂದು ಏಟು, ಸ್ವಲ್ಪ ಚುರುಕು, ಬೆಂದ ಕೈಗೆ ಅದು ತಾಗುವುದೂ ಇಲ್ಲ, ಊರಿನವರೆಲ್ಲ ಸಿವಸಿವಾ ಅನ್ನುತ್ತಾರೆ, ಮನೆಗೆ ಹೋಗಿ ಸಾರು ಕುದಿಸಿದರೆ ಮುಗಿಯಿತು, ಬಾವ ಮಾಡಿದ್ದೂ ಇದನ್ನೇ, ಈ ಕಲ್ಲಿನ ಮಸಿಯೆಲ್ಲ ಇಂಥದ್ದೇ, ಒಡ್ದುಬುಟ್ಟು ಆಮೇಕೆ ನೋಡ್ಕಂಡವರದು. ಆದರೆ ಅವಳಿಗೆ ಮಾದಪ್ಪ ನಿಜ. ಅದೇ ತೊಂದರೆ. ಬಾವನಿಗೆ ಅವನು ಕಲ್ಲು, ಅತ್ತೆಗೆ ಪೋಲೀಸು, ಅವಳಿಗೆ ಮಾತ್ರ ಎದುರಿಗೆ ಕೂತು ಕೇಳಿಸಿಕೊಳ್ಳುವವನು, ಮಗಳಿಗೆ ಜ್ವರ ಏರಿದಾಗ ಅವನ ಹೆಸರೇ ಬಾಯಿಗೆ ಬಂದದ್ದು, ಅವನ ಮುಂದೆ ಆಡಲ್ಲ ಅಂದರೆ ಆಡಲ್ಲವೇ. ಕದ್ದು ಆಡುವುದಕ್ಕೆ ಅವಳಿಗೆ ಬಾರದು, ಕದ್ದು ಆಡಿದರೆ ಅದು ಆಟವೇ ಅಲ್ಲ, ಕಳ್ಳತನ. ಹಿತ್ತಲಲ್ಲಿ, ಹಗಲಿನಲ್ಲಿ, ನುಗ್ಗೆಮರದ ಕೆಳಗೆ ಎಲ್ಲರಿಗೂ ಕೇಳುವ ಹಾಗೆ ಕೂಗಿ ಆಡಿದ್ದು ಅವಳು. ಮಾಡುವ ಕೆಲಸ ಮಾಡಿ, ಬೇಯಿಸುವುದು ಬೇಯಿಸಿ, ತೊಳೆಯುವುದು ತೊಳೆದು, ಮಿಕ್ಕ ಹೊತ್ತು ತನ್ನದು, ಆ ಹೊತ್ತಿನಲ್ಲಿ ಅವಳು ಯಾರ ಸೊಸೆಯೂ ಅಲ್ಲ, ಅಗರದಹುಲಿ. ಹುಲಿಯ ಮೇಲೆ ಕೂತು ಬೆಟ್ಟ ಸುತ್ತಿದವನಪ್ಪಾ ನೀನು, ಕುದುರೆ ಇರಲಿಲ್ಲವೇ, ಎತ್ತು ಇರಲಿಲ್ಲವೇ, ಹುಲಿಯೇ ಯಾಕೆ ಬೇಕಿತ್ತು ಎಂದು ನಿನ್ನನ್ನು ಯಾರಾದರೂ ಕಲ್ಲಿನ ಮುಂದೆ ನಿಲ್ಲಿಸಿ ಕೇಳಿದರೇ? ಗುಡಿಯೊಳಗಿನ ಕತ್ತಲಲ್ಲಿ ಮಾದಪ್ಪನ ಬೆಳ್ಳಿ ಕಣ್ಣು ಹೊಳೆಯುತ್ತದೆ, ಬೇಡ ಅನ್ನುವವನ ಕಣ್ಣಿನ ಹಾಗೆ ಇಲ್ಲ.

ಒಡಿ ಅನ್ನುತ್ತಿದ್ದಾರೆ, ಎಲ್ಲರೂ ಒಟ್ಟಿಗೆ, ಒಡಿಯವ್ವಾ ಒಡಿ, ಗುಡಿಯ ಕಟ್ಟೆಯ ಮೇಲೆ ಕೂತಿದ್ದವರೂ ಎದ್ದು ಬಂದಿದ್ದಾರೆ, ಕಡಲೆಕಾಯಿ ಮಾರುವವನೂ ಬಂದಿದ್ದಾನೆ, ಅವಳ ಕೈ ಮೇಲಕ್ಕೆ ಎದ್ದಿದೆ, ಯಾವಾಗ ಎದ್ದಿತೋ, ಅಂಗೈಯ ನೆರಳು ಕಲ್ಲಿನ ಮೇಲೆ ಬಿದ್ದಿದೆ, ನೆರಳಿನಲ್ಲಿ ಉರಿ ಈಗ ಹಳದಿಯಾಗಿ, ನೀಲಿಯಾಗಿ, ಬುಡದವರೆಗೂ ಸ್ಪಷ್ಟವಾಗಿ ಕಾಣುತ್ತದೆ, ಎಷ್ಟು ಚೆನ್ನಾಗಿದೆ, ಇದನ್ನು ಯಾಕೆ ಬಡಿಯಬೇಕು, ಹುಟ್ಟಿದಾಗಿನಿಂದ ಉರಿಯುವ ಕರ್ಪೂರ ಎದುರಿಗೆ ಬಂದಾಗ ಈ ಕೈ ಮಾಡಿದ್ದು ಒಂದೇ ಕೆಲಸ, ಬಡಿಯುವುದಲ್ಲ, ಕೈಗೆ ಗೊತ್ತಿದೆ, ತಲೆಗಿಂತ ಮೊದಲು ಕೈಗೆ ಗೊತ್ತು — ಬಗ್ಗಿದಳು, ಇನ್ನೊಂದು ಕೈಯೂ ಬಂತು, ಎರಡು ಅಂಗೈಯನ್ನೂ ಉರಿಯ ಎರಡು ಕಡೆಯಿಂದ ಮೆಲ್ಲಗೆ ತಂದು, ಮುಟ್ಟಿಯೂ ಮುಟ್ಟದ ಹಾಗೆ ಮೇಲೆ ಹಾಯಿಸಿ, ಆ ಬಿಸಿಯನ್ನು ಕಣ್ಣಿಗೆ ಒತ್ತಿಕೊಂಡಳು, 

ಮಂಗಳಾರತಿ ತಗೊಂಡ ಹಾಗೆ. ಅಯ್ಯೋ ಸಿವನೇ ಅಂದಳು ಅತ್ತೆ, ಸಣ್ಣ ದನಿಯಲ್ಲಿ, ಆರತಿ ತಗೊಂಡವರನ್ನು ಬೈಯುವ ಮಾತು ಅತ್ತೆಗೂ ಬಾರದು, ಪೂಜಾರಿಯ ಕೈ ಅಭ್ಯಾಸಬಲದಿಂದ ವಿಭೂತಿ ತಟ್ಟೆಗೆ ಹೋಗಿ ಅಲ್ಲೇ ನಿಂತಿತು. ಕೋಮಲ ಕೈ ಚಾಚಿದಳು, ಬಲಗೈ, ಬಿಸಿ ಇನ್ನೂ ಇದೆ, ಪೋನ್ ಕೊಡಿ ಬಾವ, ಇದು ತನ್ನದೇ ದನಿ, ಆಟದಲ್ಲಿ ಮಾತ್ರ ಕೇಳಿದ್ದ ದನಿ, ಈಗ ಬಯಲಿನಲ್ಲಿ, ಪೋನ್ ಕೊಡಿ, ಆಡ್ತೀನಿ ನಾನು. ಎದುರು ದಾರಿಯಲ್ಲಿ ಯಾವುದೋ ಬಸ್ಸಿನ ಹಾರನ್ನು, ಅಜ್ಜೀಪುರದ್ದೋ ಕೊಳ್ಳೇಗಾಲದ್ದೋ, ತಿರುಗಿ ನೋಡಲಿಲ್ಲ, ಬಾವ ಜೇಬನ್ನು ಅದುಮಿಕೊಂಡಿದ್ದಾನೆ, ಗಂಡ ಬಾವನ ಕಡೆಗೆ ಒಂದು ಹೆಜ್ಜೆ ಇಟ್ಟನೋ ಹಿಂದಕ್ಕೆ ಇಟ್ಟನೋ, ಅವಳು ನೋಡುತ್ತಿಲ್ಲ, ಚಾಚಿದ ಕೈಯ ಕೆಳಗೆ ಕಲ್ಲು, ಕಲ್ಲಿನ ಮೇಲೆ ಉರಿ, ಯಾರೂ ಬಡಿಯದ ಉರಿ, ಗಾಳಿಗೆ ಒಂದು ಕಡೆ ವಾಲಿತು, ಈಗ ಆರಿತು ಅಂದುಕೊಂಡರು ಎಲ್ಲರೂ, ನೆಟ್ಟಗೆ ನಿಂತಿತು, ವಾಲಿತು, ನೆಟ್ಟಗೆ ನಿಂತಿತು, ನಿಂತಿದೆ.